ಬೇಡ ಎಂದವರ ಆಟ

ಪ್ರೂಫ್ ತಿದ್ದುವವನ ಮೇಜು ಮುದ್ರಣಾಲಯದ ಶೌಚಾಲಯಕ್ಕೆ ಅಂಟಿಕೊಂಡಿತ್ತು. ಬಾಗಿಲು ತೆರೆದಾಗಲೆಲ್ಲ ಮೊಣಕೈಗೆ ಪೆಟ್ಟು, ತಿದ್ದಿದ ಹಾಳೆಗೆ ಅಡ್ಡಗೀಟು. ಹೋಗುವವರಾದರೂ ಸುಮ್ಮನೆ ಹೋಗುತ್ತಿದ್ದರೇ? "ನೀರು ಬರ್ತಿದೆಯೇನ್ರೀ?" ಎಂದು ಇವನನ್ನು ಕೇಳಿಯೇ ಹೋಗಬೇಕು. ನೀರೇನು ಇವನ ತಾತನ ಆಸ್ತಿಯೇ!

ಹೀಗಿರುವಾಗ ಬೆಳಿಗ್ಗೆ ಲೆಕ್ಕಿಗರು ತಾವಾಗಿಯೇ ಬಂದು, "ಊಟದ ಬಿಡುವಲ್ಲಿ ಒಂದಾಟ ಚದುರಂಗ ಆಡೋಣ. ನೀವು ಗೆದ್ರೆ ನನ್ನ ಕಿಟಕಿ ಪಕ್ಕದ ಜಾಗ ನಿಮ್ಮದು. ಸಾಹೇಬ್ರೂ ಒಪ್ಪಿದಾರೆ" ಎಂದರು. ಪ್ರೂಫಿನವನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಅವನ ಬಳಿ ಗ್ಯಾಂಬಿಟ್ ಎಂಬ ಒಂದು ಪಟ್ಟು ಇತ್ತು. ಮೊಬೈಲು ನೋಡಿ ಬಾಯಿಪಾಠ ಮಾಡಿದ್ದು. ಶುರುವಿನಲ್ಲೇ ಒಂದು ಕಾಲಾಳನ್ನು ಪುಕ್ಕಟೆ ಒಡ್ಡಬೇಕು. ಎದುರಾಳಿ ಆಸೆಬಿದ್ದು ಹೊಡೆದನೋ, ಕೆಟ್ಟ!

ಒಡ್ಡಿದ. ಲೆಕ್ಕಿಗರು ಕನ್ನಡಕ ಏರಿಸಿ ನೋಡಿದರು.

"ಪುಕ್ಕಟೆ ಸಿಕ್ಕಿದ್ದನ್ನ ತಗೋಬಾರದು ಸ್ವಾಮಿ" ಎಂದು ಮೂಲೆಯ ಕಾಲಾಳನ್ನು ಒಂದು ಮನೆ ಸರಿಸಿದರು.

"ತಗೊಳ್ಳಿ ಸಾರ್, ಸಂಕೋಚ ಬೇಡ!"

"ಬೇಡ."

"ಅದೇನ್ರೀ, ನೆಂಟರಿಗೆ ಬಡಿಸೋ ಹಾಗೆ ಬಲವಂತ ಮಾಡ್ತೀರಾ!" ಎಂದು ನಗುತ್ತ ಟೈಪಿಸ್ಟಮ್ಮ ಊಟದ ಡಬ್ಬಿ ಹಿಡಿದೇ ಬಂದು ನಿಂತಳು.

ಹೊಡೆಯದಿದ್ದರೆ ಮುಂದೇನು ಮಾಡಬೇಕು ಎಂಬುದು ಬಾಯಿಪಾಠದಲ್ಲಿ ಇರಲೇ ಇಲ್ಲ. ಕುದುರೆ ಒಡ್ಡಿದ. ಬೇಡ. ಆನೆ ಒಡ್ಡಿದ. ಅದೂ ಬೇಡ. ಇದೆಂಥ ಮನುಷ್ಯನಪ್ಪಾ ಎಂದು ಪ್ರೂಫಿನವನಿಗೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂತು.

"ಹೊಡೀರಿ ಸಾರ್, ಆನೆ ತಾನಾಗೇ ಬಂದು ನಿಂತಿದೆ!" ಎಂದು ಟೈಪಿಸ್ಟಮ್ಮ ಕೂಗಿದಳು.

"ನೀವು ಸುಮ್ನಿರಮ್ಮ!" ಲೆಕ್ಕಿಗರು ಗದರಿದರು. ಯಾಕೋ ಅವರ ಹಣೆ ಬೆವರಿತ್ತು.

ಸಿಟ್ಟಿನ ಕೈಗೆ ಕಣ್ಣಿಲ್ಲ. ಪ್ರೂಫಿನವನು ಮಂತ್ರಿಯನ್ನೇ ಒಯ್ದು ಎದುರಾಳಿಯ ಕಾಲಾಳಿನ ಬಾಯಿಗಿಟ್ಟ. ಇಟ್ಟ ಮೇಲೆ ಗೊತ್ತಾಯಿತು. ಮುಗೀತು, ಕಿಟಕಿ ಹೋಯಿತು ಎಂದು ಕಣ್ಣು ಮುಚ್ಚಿಕೊಂಡ. ತೆರೆದು ನೋಡಿದರೆ ಮಂತ್ರಿ ಇದ್ದಲ್ಲೇ ಇದೆ! ಲೆಕ್ಕಿಗರು ತಮ್ಮ ರಾಜನನ್ನು ಬಯಲಿಗೆ ತಂದು ನಿಲ್ಲಿಸಿದ್ದರು.

"ಚೆಕ್..." ಎಂದು ಪ್ರೂಫಿನವನು ಹೇಳುವಷ್ಟರಲ್ಲಿ ರಾಜನನ್ನು ತಾವೇ ಮಲಗಿಸಿ, "ಸೋತೆ ಸ್ವಾಮಿ" ಎಂದವರೇ ಕುರ್ಚಿ ಎತ್ತಿಕೊಂಡು ಶೌಚಾಲಯದ ಪಕ್ಕದ ಮೂಲೆಗೆ ಹೊರಟೇಬಿಟ್ಟರು.

ಮಧ್ಯಾಹ್ನ ಪ್ರೂಫಿನವನು ಕಿಟಕಿಯ ಗಾಳಿಗೆ ಅಂಗಿಯ ಗುಂಡಿ ಬಿಚ್ಚಿ ರಾಜನಂತೆ ಕುಳಿತ. ಒಂದು ಪುಟವನ್ನೂ ತಿದ್ದಿರಲಿಲ್ಲ, ಗಾರೆಯವನೊಬ್ಬ ಅಳತೆಪಟ್ಟಿ ಹಿಡಿದು ಬಂದ.

"ಸ್ವಲ್ಪ ಜರುಗಿ ಸಾರ್. ಈ ಕಿಟಕಿ ಮುಚ್ಚಬೇಕು."

"ಯಾಕಯ್ಯಾ?"

"ಟಾಯ್ಲೆಟ್ಟು ಇನ್ಮೇಲೆ ಈ ಕಡೆಗಲ್ವಾ? ಹಳೇದನ್ನ ಒಡೆದು ಆ ಮೂಲೇಲಿ ದೊಡ್ಡ ಕಿಟಕಿ ಇಡ್ತೀವಿ. ಲೆಕ್ಕದ ಸಾರೇ ಹೋದ ವಾರ ಮುಂದೆ ನಿಂತು ಅಳತೆ ಹಿಡಿಸಿದ್ರಲ್ಲ!"

ಪ್ರೂಫಿನವನು ದಡಬಡನೆ ಮೂಲೆಗೆ ಓಡಿದ. ಲೆಕ್ಕಿಗರು ತಲೆ ಎತ್ತದೆ ಲೆಕ್ಕ ಕೂಡುತ್ತಲೇ ಹೇಳಿದರು: "ಆಟದ ಶುರುವಲ್ಲೇ ಹೇಳಿದ್ದೆನಲ್ಲ ಸ್ವಾಮಿ, ಪುಕ್ಕಟೆ ಸಿಕ್ಕಿದ್ದನ್ನ ತಗೋಬಾರದು ಅಂತ."

ಕಾಲೆಳೆದುಕೊಂಡು ಕಿಟಕಿಯ ಬಳಿಗೆ ಹಿಂತಿರುಗಿ ಬಂದರೆ ಟೈಪಿಸ್ಟಮ್ಮ ಅವನ ಮೇಜಿನ ಪಕ್ಕದಲ್ಲೇ ನಿಂತು, ಗೋಡೆಯ ಮೇಲೆ ಗಾರೆಯವನು ಎಳೆದ ಸೀಮೆಸುಣ್ಣದ ಗುರುತು ನೋಡುತ್ತಿದ್ದಳು.

"ಏನ್ರೀ," ಎಂದಳು, "ಇಲ್ಲಿ ನೀರು ಯಾವತ್ತಿಂದ ಬರುತ್ತೆ?"