ಕಲ್ಯಾಣದುರ್ಗಕ್ಕೆ ಹೋದ ರೆಕಾರ್ಡಿಂಗ್

ಬಾಣಂತಿ ತಂಗಿಯನ್ನು ನೋಡಿಕೊಳ್ಳಲು ತವರಿಗೆ ಹೊರಟ ಶೋಭಾರಾಣಿ ಕೂಸಿನ ಕುಲಾವಿ, ಬೆಳ್ಳುಳ್ಳಿ ಗಂಟು, ಮೆಣಸಿನ ಪುಡಿ, ಹಳೇ ಸೀರೆಯ ಮೆತ್ತನೆ ಬಟ್ಟೆಗಳು, ಎಲ್ಲವನ್ನೂ ನೆನಪಿಟ್ಟು ಚೀಲಕ್ಕೆ ತುಂಬಿಕೊಂಡಳು. ಹಿಂದೂಪುರದ ಮನೆಯಲ್ಲಿ ಮಿಕ್ಸಿಯ ಪಕ್ಕ ಚಾರ್ಜಿಗೆ ಹಾಕಿದ್ದ ಫೋನನ್ನು ಮಾತ್ರ ಮರೆತು ಕಲ್ಯಾಣದುರ್ಗದ ಬಸ್ಸು ಹತ್ತಿಬಿಟ್ಟಳು.

ಮರುದಿನ ಬೆಳಿಗ್ಗೆ ತಮ್ಮ ನರೇಶನ ಫೋನಿನಿಂದ ಗಂಡ ಕೇಶವನಿಗೆ ಫೋನ್ ಮಾಡಿದಳು.

"ರೀ, ನನ್ ಫೋನು ಅಲ್ಲೇ ಐತಾ?"

"ಐತೆ ಕಣೆ. ಮಿಕ್ಸಿ ಹತ್ರ."

"ಓಬುಳೇಶಣ್ಣ ಇವತ್ತು ಊಟ ಮಾಡ್ಕೊಂಡು ಟೆಂಪೋದಾಗೆ ಬೆಲ್ಲ ಹೇರ್ಕೊಂಡು ಇಲ್ಲಿಗೆ ಬತ್ತಾನಂತೆ. ಅವನ ಕೈಲಿ ಕೊಟ್ಟು ಕಳಿಸಿ. ನೀವೇನೂ ಅದನ್ನ ಒತ್ತಾಕೆ, ತಿರುವಾಕೆ ಹೋಗ್ಬೇಡಿ. ಅದ್ರಾಗೆ ಒಂದು ರೆಕಾರ್ಡಿಂಗ್ ಐತೆ. ತವರಿಗೆ ಬಂದಾಗೆಲ್ಲಾ ಅದನ್ನ ಕೇಳ್ಕೊಂಡೇ ಮಲಗೋದು ನಾನು. ನಿನ್ನೆ ಅದು ಇಲ್ದೆ ರೆಪ್ಪೆಗೆ ರೆಪ್ಪೆ ಸೇರಿಲ್ಲ."

ಕೇಶವನಿಗೆ ಅತ್ತೆಯ ನೆನಪಾಯಿತು. ಶೋಭಾರಾಣಿಯ ತಾಯಿ ಚೌಡಕ್ಕ ಹೋದ ವರ್ಷ ತೀರಿಕೊಂಡಿದ್ದಳು. ಕಲ್ಯಾಣದುರ್ಗದ ಅವರ ಬೀದಿಯಲ್ಲಿ ಯಾರ ಮನೆಯ ಕೂಸು ಅತ್ತರೂ ಚೌಡಕ್ಕನನ್ನೇ ಕರೆಯುತ್ತಿದ್ದರು. ಅವಳು ತೊಟ್ಟಿಲ ಹಗ್ಗ ಹಿಡಿದು ಹಾಡಿದರೆ ಕೂಸಿನ ಜೊತೆ ಕೂಸಿನ ತಂದೆಯೂ ತೂಕಡಿಸುತ್ತಿದ್ದ. ಆ ದನಿಯನ್ನೇ ಹೆಂಡತಿ ಜೋಪಾನವಾಗಿ ಇಟ್ಟುಕೊಂಡಿದ್ದಾಳೆ ಎಂದುಕೊಂಡ ಕೇಶವ, ಮಿಕ್ಸಿಯ ಪಕ್ಕದಿಂದ ಫೋನನ್ನು ದೇವರ ಪಟ ಎತ್ತಿಕೊಂಡಂತೆ ಎರಡೂ ಕೈಯಲ್ಲಿ ಎತ್ತಿಕೊಂಡ.

ಅಲ್ಲೇ ಎಡವಟ್ಟಾದದ್ದು. ತೆರೆಯ ಮೇಲೆ ಒಂದು ಸೂಚನೆ ಕೂತಿತ್ತು: 'ಹೊಸ ಅಪ್‌ಡೇಟ್ ಸಿದ್ಧವಾಗಿದೆ. ನಿಮ್ಮ ಫೋನ್ ಇನ್ನಷ್ಟು ಸುರಕ್ಷಿತವಾಗುತ್ತದೆ.'

ಬೇರೆ ಯಾವ ಮಾತಾಗಿದ್ದರೂ ಕೇಶವ ಸುಮ್ಮನಿರುತ್ತಿದ್ದ. ಸೀರೆ ಅಂಗಡಿಯ ಕೌಂಟರಿನಲ್ಲಿ ನಿಂತು ದಿನವಿಡೀ ಬೇರೆಯವರ ಹೆಂಡತಿಯರಿಗೆ ಒಳ್ಳೆಯದನ್ನು ಆರಿಸಿಕೊಡುವವನು, ವಾರದ ರಜೆಯ ದಿನವಾದರೂ ತನ್ನ ಹೆಂಡತಿಗೆ ಒಂದು ಒಳ್ಳೆಯದು ಮಾಡೋಣ ಎಂದು ಬಟನ್ ಒತ್ತಿದ.

ಫೋನು ಒಮ್ಮೆ ನಡುಗಿ ಕಪ್ಪಾಯಿತು. ಕಂಪನಿಯ ಗುರುತು ಮೂಡಿತು, ಮಾಯವಾಯಿತು, ಮತ್ತೆ ಮೂಡಿತು. ಕೇಶವ ಸ್ನಾನ ಮುಗಿಸಿ ಬಂದ, ಮೂಡುತ್ತಿತ್ತು. ಉಪ್ಪಿಟ್ಟು ತಿಂದ, ಮಾಯವಾಗುತ್ತಿತ್ತು. ಚಾರ್ಜರ್ ಕಿತ್ತ, ಮತ್ತೆ ಚುಚ್ಚಿದ. ಬಾಗಿಲ ಸಂದಿಯಿಂದ ಇಣುಕಿ ಇಣುಕಿ ಹೋಗುವ ಬೆಕ್ಕಿನ ಹಾಗೆ ಆ ಗುರುತು ತನ್ನ ಕೆಲಸ ನಡೆಸಿಯೇ ಇತ್ತು.

ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಮುನೆಪ್ಪ ನೋಡಿದ. ಕರೆಂಟು ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತನಾದ ಆತನಿಗೆ, ಕರೆಂಟು ಕುಡಿಯುವ ಯಾವ ವಸ್ತುವೂ ಇನ್ನೂ ತನ್ನ ಸುಪರ್ದಿಯಲ್ಲೇ ಇದೆ ಎಂಬ ನಂಬಿಕೆ.

"ಏಮಯ್ಯಾ ಕೇಶವಾ, ಫೋನಿಗೆ ದೃಷ್ಟಿ ತೆಗೀತಾ ಇದ್ದೀಯಾ?"

ಕೇಶವ ನಡೆದದ್ದನ್ನು ಹೇಳಿದ. ಚೌಡಕ್ಕನ ಹೆಸರು ಕೇಳಿ ಮುನೆಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ.

"ಇದೇನೂ ಇಲ್ಲ ಕಣಪ್ಪ. ಲೈನ್ ಟ್ರಿಪ್ ಆದಂಗೆ ಆಗೈತೆ. ಇರೋ ಬಟನ್ನೆಲ್ಲಾ ಒಟ್ಟಿಗೆ ಅದುಮಿ ಹಿಡೀಬೇಕು."

ಹಿಡಿದ. ಆಶ್ಚರ್ಯವೆಂದರೆ ಫೋನು ಒಪ್ಪಿತು. ಕಪ್ಪು ತೆರೆಯ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರಗಳ ನಾಲ್ಕೈದು ಸಾಲು ಬಂದವು. ಮುನೆಪ್ಪ ಕನ್ನಡಕ ಏರಿಸಿ ಓದುತ್ತ ಒಂದು ಸಾಲಿನಲ್ಲಿ ನಿಂತ.

"ವೈಪ್ ಡೇಟಾ. ಹಾಂ, ಇದೇ."

"ವೈಪ್ ಅಂದ್ರೇನು ಮುನೆಪ್ಪಣ್ಣ?"

"ಬಸ್ಸಿನ ಗ್ಲಾಸ್ ಮೇಲೆ ವೈಪರ್ ಇರಲ್ವಾ? ಧೂಳು ಕೂತ್ರೆ ಒರಸುತ್ತೆ. ಗ್ಲಾಸ್ ಏನು ಕಿತ್ಕೊಂಡು ಹೋಗುತ್ತಾ? ಒಳಗೆ ಕಸ ತುಂಬೈತೆ, ಒರಸ್ತೀಯಾ ಅಂತ ಕೇಳ್ತಾ ಐತೆ. ಒರಸು ಅನ್ನು."

ಕೇಶವ ಒರಸು ಎಂದ.

ಸ್ವಲ್ಪ ಹೊತ್ತಿಗೆ ಫೋನು ಝಗ್ಗನೆ ಬೆಳಗಿ, ಮದುವೆ ಮನೆಯ ಬಾಗಿಲಲ್ಲಿ ನಿಂತವರಂತೆ ಸುಸ್ವಾಗತ ಎಂದಿತು. ಮುನೆಪ್ಪ ಮೀಸೆ ತೀಡಿಕೊಂಡ. ಇಬ್ಬರೂ ಒಳಗೆ ಹೋಗಿ ನೋಡಿದರೆ, ಬಾಡಿಗೆಯವರು ಖಾಲಿ ಮಾಡಿಕೊಂಡು ಹೋದ ಮನೆ. ಒಂದು ಫೋಟೋ ಇಲ್ಲ, ಒಂದು ನಂಬರ್ ಇಲ್ಲ.

"ಎಲ್ಲಾ ಒರಸ್ಬುಡ್ತಲ್ಲಣ್ಣಾ," ಎಂದ ಕೇಶವ ನೆಲಕ್ಕೆ ಕೂತು.

"ನೀಟಾಗಿ ಒರಸೈತೆ," ಎಂದ ಮುನೆಪ್ಪ, ದನಿ ತಗ್ಗಿಸಿ.

ಇಬ್ಬರೂ ಎದುರು ಮನೆಯ ಭ್ರಮರಾಂಬಳ ಬಳಿ ಹೋದರು. ಬೀದಿಯಲ್ಲಿ ವೈಫೈ ಇದ್ದದ್ದು ಅವಳ ಮನೆಯಲ್ಲಿ ಮಾತ್ರ, ಅದೂ ಸೀರಿಯಲ್ಲಿಗಾಗಿ. ಸತ್ತ ಚೌಡಕ್ಕನ ದನಿ ಫೋನಿನೊಳಗಿಂದ ಹೋಗಿಬಿಟ್ಟಿದೆ ಎಂದು ಕೇಳಿದ ಕೂಡಲೇ ಅವಳು ಸೆರಗು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಟಿವಿ ಆರಿಸಿದಳು. ಸೀರಿಯಲ್ ನಡುವೆ ಅವಳು ಟಿವಿ ಆರಿಸಿದ್ದನ್ನು ಆ ಬೀದಿ ಹಿಂದೆಂದೂ ನೋಡಿರಲಿಲ್ಲ.

"ಅಳಬೇಡ ಕೇಶವ. ಇದ್ರಾಗೆ ಬ್ಯಾಕಪ್ ಅಂತ ಇರುತ್ತೆ. ನಮಗೆ ಗೊತ್ತಿಲ್ದಂಗೆ ಅದೇ ಎಲ್ಲಾ ಎತ್ತಿಟ್ಕೊಂಡಿರುತ್ತೆ. ಪಾಸ್‌ವರ್ಡ್ ಹೇಳು."

ಮೇಲ್ ವಿಳಾಸ ಕೇಶವನಿಗೆ ಗೊತ್ತಿತ್ತು. ಪಾಸ್‌ವರ್ಡ್ ಗೊತ್ತಿರಲಿಲ್ಲ. ಚೌಡಕ್ಕನ ಹೆಸರು ಹಾಕಿದರು, ಆಗಲಿಲ್ಲ. ಮನೆದೇವರ ಹೆಸರು ಹಾಕಿದರು, ದೇವರೂ ಒಲಿಯಲಿಲ್ಲ.

"ನಿನ್ ಹೆಸರು ಹಾಕು," ಎಂದಳು ಭ್ರಮರಾಂಬ.

"ನನ್ ಹೆಸರು ಯಾಕೆ ಇಡ್ತಾಳೆ ಅಕ್ಕಾ," ಎಂದು ಕೇಶವ ನಾಚಿಕೊಂಡ.

ಅವನ ಹೆಸರು, ಮುಂದೆ ಒಂದು ಎರಡು ಮೂರು. ಬಾಗಿಲು ತೆರೆಯಿತು. ಕೇಶವನ ಕಿವಿ ಕೆಂಪಾದವು. ಆದರೆ ಆ ಬಾಗಿಲ ಹಿಂದೆ ಇನ್ನೊಂದು ಬಾಗಿಲಿತ್ತು: ನರೇಶನ ನಂಬರಿಗೆ ಒಂದು ಕೋಡ್ ಕಳಿಸಿದ್ದೇವೆ, ಅದನ್ನು ಹಾಕಿ. ಅಕ್ಕನಿಗೆ ಅಕೌಂಟ್ ಮಾಡಿಕೊಟ್ಟ ದಿನ ನರೇಶ ತನ್ನ ನಂಬರನ್ನೇ ಕೊಟ್ಟಿದ್ದ.

ಕೇಶವ ಫೋನ್ ಮಾಡಿದ. ಎತ್ತಿದವಳು ಶೋಭಾರಾಣಿ.

"ನರೇಶ ಇಲ್ವಾ?"

"ಕುಂದುರ್ಪಿಗೆ ಹೋದ. ಫೋನು ನಂಗೇ ಕೊಟ್ಟು ಹೋಗವ್ನೆ. ಯಾಕ್ರೀ?"

"ಏನಿಲ್ಲ. ಗ್ಯಾಸ್‌ನವನು ಸಿಲಿಂಡರ್ ತಂದವ್ನೆ. ಓಟಿಪಿ ಬೇಕಂತೆ. ಆ ಫೋನಿಗೆ ಬಂದೈತೆ ನೋಡು."

"ನಮ್ ಗ್ಯಾಸಿನ ಓಟಿಪಿ ನರೇಶಂಗೆ ಯಾಕೆ ಬತ್ತದೆ?"

"ಅದೇ ನಾನೂ ಅವನ್ನ ಬೈತಾ ಇದ್ದೀನಿ."

"ಇಲ್ಲಿ ಗೂಗಲ್ ಅಂತ ಬಂದೈತಲ್ರೀ. ಅವರೂ ಗ್ಯಾಸ್ ಕೊಡ್ತಾರಾ?"

ಕೇಶವ ಮುನೆಪ್ಪನ ಮುಖ ನೋಡಿದ. ಮುನೆಪ್ಪ ಸೂರು ನೋಡಿದ.

"ಈಗ ಎಲ್ಲಾನೂ ಅವರೇ ಕೊಡೋದು ಕಣೆ. ಬೇಗ ಹೇಳು, ಸಿಲಿಂಡರ್ ಹೆಗಲ ಮೇಲೆ ಇಟ್ಕೊಂಡು ನಿಂತವ್ನೆ."

ಶೋಭಾರಾಣಿ ಹೇಳಿದಳು. ಸಿಲಿಂಡರ್ ಹೊತ್ತವನಿಗೆ ಒಂದು ಲೋಟ ನೀರು ಕೊಡಿ ಎಂದೂ ಹೇಳಿದಳು.

ಫೋನಿನೊಳಕ್ಕೆ ಹಳೇ ಸಾಮಾನುಗಳು ಒಂದೊಂದಾಗಿ ಬರತೊಡಗಿದವು. ನಂಬರುಗಳು ಬಂದವು. ಫೋಟೋಗಳು ಬಂದವು: ಸೀಮಂತದ್ದು, ಲೇಪಾಕ್ಷಿಯಲ್ಲಿ ಕಂಬಕ್ಕೆ ಒರಗಿ ನಿಂತದ್ದು, ಒಗ್ಗರಣೆ ಸೀದು ಹೋದದ್ದು. ಒಂದೊಂದು ಬಂದಾಗಲೂ ಮೂವರೂ ರೈಲಿನಿಂದ ಇಳಿವ ನೆಂಟರನ್ನು ಎಣಿಸುವಂತೆ ತಲೆಯಾಡಿಸಿದರು. ಕೊನೆಗೆ 'ರಿಸ್ಟೋರ್ ಪೂರ್ಣಗೊಂಡಿದೆ' ಎಂದು ಬಂತು. ಕೇಶವ ರೆಕಾರ್ಡರ್ ತೆರೆದ. ಅಲ್ಲಿ ಬರೆದಿತ್ತು: 'ಯಾವುದೇ ರೆಕಾರ್ಡಿಂಗ್ ಇಲ್ಲ.'

ಭ್ರಮರಾಂಬ ತನ್ನ ಫೋನಿನಲ್ಲಿ ಹುಡುಕಿ ಓದಿ ಹೇಳಿದಳು. ಫೋನಿನ ಹೊಟ್ಟೆಯಲ್ಲೇ ಉಳಿಸಿದ್ದ ರೆಕಾರ್ಡಿಂಗು ಬ್ಯಾಕಪ್ಪಿಗೆ ಹೋಗಿರುವುದಿಲ್ಲ. ಒರೆಸಿದ ಮೇಲೆ ಒರೆಸಿದಂತೆಯೇ.

ಆಗ ಹೊರಗೆ ಹಾರ್ನ್ ಕೇಳಿತು. ಟೆಂಪೋದಲ್ಲಿ ಬೆಲ್ಲದ ಮೂಟೆ ಹೇರಿಕೊಂಡು ಓಬುಳೇಶ ಬಂದಿದ್ದ.

"ಅಣ್ಣಾ, ಟೈಮ್ ಅಯಿಪೋಯಿಂದಿ, ಹೊತ್ತಾಯ್ತು. ಫೋನ್ ಕೊಡು, ಹೋಯ್ತೀನಿ."

ವಿಷಯ ತಿಳಿದು ಅವನೂ ಬಂದು ಕೂತ. ಭ್ರಮರಾಂಬ, ತನಗೂ ಒಂದು ಲಾಲಿ ಬರುತ್ತದೆ, ಹಾಡಿ ಕಳಿಸೋಣ ಎಂದಳು. ಹಾಡಿಯೂ ತೋರಿಸಿದಳು. ಓಬುಳೇಶ ಎದ್ದು ಹೋಗಿ ಮೂಟೆಗಳ ಹಗ್ಗ ಬಿಗಿದು ಬಂದ.

"ನಿಜ ಹೇಳ್ಬುಡು ಕಣ್ಲಾ," ಎಂದ ಮುನೆಪ್ಪ. "ನಾನೇ ಒರಸಿಸಿದ್ದು ಅಂತ ಬೇಕಾದ್ರೆ ನನ್ ಹೆಸರು ಹೇಳು."

ಕೇಶವ ಮತ್ತೆ ಫೋನ್ ಮಾಡಿದ. ತಾನೂ ಮಾತಾಡಬೇಕಾದೀತೆಂದು ಮುನೆಪ್ಪನೇ ಫೋನನ್ನು ಟೀಪಾಯಿಯ ಮೇಲಿಟ್ಟು ಸ್ಪೀಕರ್ ಒತ್ತಿದ.

"ಶೋಭಾ, ನಾನೊಂದು ತಪ್ಪು ಮಾಡ್ಬುಟ್ಟೆ. ಸಿಲಿಂಡರೂ ಇಲ್ಲ, ಏನೂ ಇಲ್ಲ. ನಿನ್ ಫೋನ್ ಅಪ್‌ಡೇಟ್ ಮಾಡಾಕೋಗಿ ನಿಮ್ಮಮ್ಮನ ದನಿ ಕಳ್ದುಬುಟ್ಟೆ."

ಆ ಕಡೆ ಕೂಸು ಅಳುತ್ತಿತ್ತು.

"ಅಮ್ಮನ ದನಿ ಯಾಕ್ರೀ ಕಳೆಯುತ್ತೆ? ಅಮ್ಮನ ಹಾಡೆಲ್ಲಾ ನರೇಶನ ಫೋನಾಗೈತೆ, ತಂಗಿ ಫೋನಾಗೈತೆ. ಈ ಕೂಸು ಮಲಗೋದೇ ಅದು ಕೇಳಿ."

"ಮತ್ತೆ ನಿನ್ ಫೋನಾಗೆ ಇದ್ದಿದ್ದು?"

ಶೋಭಾರಾಣಿ ಕೂಸಿನಿಂದ ದೂರ ಹೋದಳೆಂದು ಕಾಣುತ್ತದೆ. ದನಿ ಸಣ್ಣಗಾಯಿತು.

"ಅದು ನಿಮ್ ಗೊರಕೆ ಕಣ್ರೀ."

ಭ್ರಮರಾಂಬ ಸೆರಗನ್ನು ಕಣ್ಣಿನಿಂದ ಬಾಯಿಗೆ ಇಳಿಸಿದಳು.

"ಮದುವೆ ಆದಾಗ ಆ ಸದ್ದಿಗೆ ನಿದ್ದೆ ಬತ್ತಿರಲಿಲ್ಲ. ಈಗ ಆ ಸದ್ದು ಇಲ್ದೆ ಬರಲ್ಲ. ಬೋರ್‌ವೆಲ್ ಮೋಟ್ರು ಓಡ್ತಾ ಇದ್ರೆ ತೋಟದಾಗೆ ಯಾರೋ ಅವ್ರೆ ಅಂತ ಧೈರ್ಯ ಇರಲ್ವಾ, ಹಂಗೆ. ಯಾರಿಗೂ ಹೇಳಾಕೋಗ್ಬೇಡಿ, ನಗ್ತಾರೆ. ಪಕ್ಕದಾಗೆ ಯಾರಾದ್ರೂ ಅವ್ರಾ?"

"ಇಲ್ಲ ಕಣಮ್ಮ, ಯಾರೂ ಇಲ್ಲ," ಎಂದ ಮುನೆಪ್ಪ.

ಫೋನು ಕಟ್ಟಾಯಿತು. ಸ್ವಲ್ಪ ಹೊತ್ತಿಗೆ ಅವಳಿಂದ ಒಂದೇ ಸಾಲಿನ ಸಂದೇಶ ಬಂತು: 'ಹೆಂಗೂ ಎಲ್ಲರಿಗೂ ಗೊತ್ತಾಯ್ತಲ್ಲ, ಹೊಸದು ರೆಕಾರ್ಡ್ ಮಾಡಿ ಓಬುಳೇಶಣ್ಣನ ಕೈಲಿ ಕಳಿಸಿ.'

ಭ್ರಮರಾಂಬ ನಡುಮನೆಯಲ್ಲೇ ಚಾಪೆ ಹಾಸಿದಳು. ಗೊರಕೆಗೆ ಅಡ್ಡಿಯಾಗುತ್ತದೆಂದು ಫ್ಯಾನ್ ಆರಿಸಿದರು. ಮುನೆಪ್ಪ ಬೀದಿಗೆ ಹೋಗಿ, ಮೈಕಿನಲ್ಲಿ ಕೂಗುತ್ತಿದ್ದ ಈರುಳ್ಳಿ ಗಾಡಿಯವನನ್ನು ಮುಂದಿನ ಬೀದಿಗೆ ಅಟ್ಟಿ ಬಂದ. ಶೋಭಾರಾಣಿಯ ಫೋನನ್ನು ಕೇಶವನ ಮೂಗಿನ ಪಕ್ಕ ಒಂದು ಚೊಂಬಿಗೆ ಒರಗಿಸಿಟ್ಟರು. ಮೂವರೂ ಸುತ್ತ ಕೂತರು.

"ಹೂಂ, ಶುರು ಮಾಡು," ಎಂದ ಮುನೆಪ್ಪ.

ಕೇಶವ ಕಣ್ಣು ಮುಚ್ಚಿದ. ಬೆವರು ಬಂತು, ನಿದ್ದೆ ಬರಲಿಲ್ಲ. ಮಗ್ಗುಲಾದ. ಹೆಂಡತಿಯ ಮಾತು ನೆನಪಾಗಿ ನಗು ಬಂತು. ಓಬುಳೇಶ ಬೆಲ್ಲ ಕರಗುತ್ತದೆಂದು ಗೊಣಗಿದ. ಬೇರೆ ದಾರಿ ಕಾಣದೆ ಕೇಶವ ಸುಮ್ಮನೆ ಮೂಗಿನಿಂದ ಒಂದೆರಡು ಸದ್ದು ಹೊರಡಿಸಿದ.

"ಇದು ಕಳ್ಳ ಗೊರಕೆ," ಎಂದಳು ಭ್ರಮರಾಂಬ. "ಅವಳಿಗೆ ಗೊತ್ತಾಗಲ್ವಾ?"

ಕೇಶವ ಮತ್ತೆ ಕಣ್ಣು ಮುಚ್ಚಿದ. ಆಗ ನಿಧಾನವಾಗಿ, ದೂರದಿಂದ ಲಾರಿ ಏರು ಹತ್ತಿ ಬರುವಂತೆ ಒಂದು ಸದ್ದು ಎದ್ದಿತು. ಗಿಡ್ಡ ಉಸಿರು, ಉದ್ದ ಎಳೆತ, ತುದಿಯಲ್ಲಿ ಒಂದು ಸಣ್ಣ ಸೀಟಿ. ತುಂಬಿದ ಗೊರಕೆ. ಕಿಟಕಿಯ ಗಾಜು ಅದುರಿತು. ಕೇಶವ ಕಣ್ಣು ಬಿಟ್ಟು ನೋಡಿದ. ಗೋಡೆಗೆ ಒರಗಿ, ಬಾಯಿ ತೆರೆದು, ಮುನೆಪ್ಪ ಮಲಗಿಬಿಟ್ಟಿದ್ದ.

ಮುನೆಪ್ಪನನ್ನು ಎಬ್ಬಿಸಲು ಹೊರಟ ಕೇಶವನ ಕೈಯನ್ನು ಭ್ರಮರಾಂಬ ಹಿಡಿದಳು. ಫೋನನ್ನು ಚೊಂಬಿನ ಸಮೇತ ಮೆಲ್ಲಗೆ ಆ ಕಡೆ ಸರಿಸಿ ರೆಕಾರ್ಡ್ ಒತ್ತಿದಳು. ಸಾಕಷ್ಟು ಆದ ಮೇಲೆ ನಿಲ್ಲಿಸಿ ಓಬುಳೇಶನ ಕೈಗಿಟ್ಟಳು.

"ಅಕ್ಕಾ, ಅದು ನಂದಲ್ಲ," ಎಂದ ಕೇಶವ ಪಿಸುಗುಟ್ಟುತ್ತ.

"ಗೊರಕೆ ಮೇಲೆ ಏನು ಹೆಸರು ಬರ್ದಿರುತ್ತಾ ಅಣ್ಣಾ?" ಎಂದ ಓಬುಳೇಶ. "ಒಂದ್ ರಾತ್ರಿ ನಡೀಲಿ. ನಾಳೆ ನಿಂದು ಕಳಿಸಿದ್ರಾಯ್ತು." ಟೆಂಪೋ ಕಲ್ಯಾಣದುರ್ಗದ ಕಡೆ ಹೊರಟಿತು.

ಮರುದಿನ ಕೇಶವ ಬಾಗಿಲಲ್ಲಿ ನಿಂತು ಕಾಫಿ ಕುಡಿಯುತ್ತಿದ್ದಾಗ ಶೋಭಾರಾಣಿಯ ಫೋನು ಬಂತು. ದನಿಯಲ್ಲಿ ತುಂಬು ನಿದ್ದೆಯ ತೃಪ್ತಿ.

"ರೀ, ಮಲಗಿದ್ದೇ ಗೊತ್ತಾಗಲಿಲ್ಲ. ಕೂಸು ಅತ್ತಿದ್ದೂ ಕೇಳಿಸಿಲ್ಲ. ಹಳೇದು ನಡುನಡುವೆ ನಿಂತು ನಿಂತು ಹೋಗ್ತಿತ್ತು. ಇದು ಎಷ್ಟು ಚೆನ್ನಾಗಿ ಒಂದೇ ಸಮ ಐತೆ. ಕೊನೆಗೊಂದು ಸೀಟಿ ಬೇರೆ. ನಾನು ಊರಿಗೆ ಬಂದ್ಮೇಲೂ ದಿನಾ ಹಿಂಗೇ ಹೊಡೀರಿ."

"ಹೂಂ," ಎಂದ ಕೇಶವ.

ಕಾಂಪೌಂಡಿನ ಆಚೆ ಬೇವಿನ ಕಡ್ಡಿ ಜಗಿಯುತ್ತಿದ್ದ ಮುನೆಪ್ಪ ತಲೆ ಎತ್ತಿದ.

"ಏನಂತೆ ಕೇಶವಾ? ನಿದ್ದೆ ಬಂತಂತಾ?"

ಕೇಶವ ಲೋಟದ ತಳದಲ್ಲಿ ಉಳಿದ ಕಾಫಿಯನ್ನು ಗಿಡಕ್ಕೆ ಚೆಲ್ಲಿದ.

"ಇಲ್ವಂತೆ ಕಣಣ್ಣ," ಎಂದ. "ಭಾರೀ ಕರ್ಕಶ ಅಂದ್ಲು."