ಕಂಪ್ಯೂಟರ್ ಅಳಿಸಿದ ಒಡಪು

ಹಳೆಯದನ್ನು ಬಿಡದೆ ಹಿಡಿದುಕೊಂಡು ಕೂರುವುದು ಮುದುಕರ ಗುಣ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ನಂಬಿದ್ದೆ, ಅದರ ಬಗ್ಗೆ ಬೇಜಾರೇನೂ ಇರಲಿಲ್ಲ. ವಯಸ್ಸಾದ ಮೇಲೆ ಏನನ್ನಾದರೂ ಹಿಡಿದುಕೊಂಡೇ ಕೂರಬೇಕು, ಇಲ್ಲದಿದ್ದರೆ ಬೀಳುತ್ತೇವೆ. ಆದರೆ ಕಂಪ್ಯೂಟರಿಗೂ ಈ ಗುಣ ಇದೆ ಎಂದು ಹೋದ ವರ್ಷ ಗೊತ್ತಾಯಿತು. ಗೊತ್ತಾದ ದಿನ ನನಗೆ ಒಳಗೊಳಗೇ ಸಂತೋಷವಾದದ್ದು ಸುಳ್ಳಲ್ಲ. ಮನೆಯಲ್ಲಿ ಹಠಮಾರಿ ನಾನೊಬ್ಬಳೇ ಅಲ್ಲ ಎಂದಾಯಿತಲ್ಲ. ನಾನು ಶಾಲೆ ಕಲಿತದ್ದು ಮೂರನೆಯ ಇಯತ್ತೆಯ ತನಕ. ಹೀಗಾಗಿ ಕಂಪ್ಯೂಟರಿನ ಬಗ್ಗೆ ನಾನು ಬರೆಯುವುದನ್ನು ಅಷ್ಟಕ್ಕಷ್ಟೇ ನಂಬಿ. ಸೊಸೆಯ ಬಗ್ಗೆ ಬರೆಯುವುದನ್ನು ಪೂರ್ತಿ ನಂಬಬಹುದು.

ಸೊಸೆಯ ಹೆಸರು ಶೈಲಾ. ಬೈಲಹೊಂಗಲದ ನಮ್ಮ ಮನೆಯ ನಡುಮನೆಯಲ್ಲೇ ಕುಳಿತು ಅವಳು ಇಂಟರ್ನೆಟ್ಟಿನ ಪುಟಗಳನ್ನು ಮಾಡಿಕೊಡುತ್ತಾಳೆ. ಬೀಜದ ಅಂಗಡಿಯವರಿಗೆ ಒಂದು, ಟ್ರ್ಯಾಕ್ಟರ್ ರಿಪೇರಿಯವರಿಗೆ ಒಂದು, ಹೀಗೆ ಸಣ್ಣಪುಟ್ಟ ಕೆಲಸ. ಮಗ ರಾಮದುರ್ಗದ ಬಸ್ಸಿನಲ್ಲಿ ಕಂಡಕ್ಟರ್. ಅವನ ಬಸ್ಸಿನಲ್ಲಿ ದಿನವೂ ಬರುವ ರಾಮದುರ್ಗದ ಅಕ್ಕನೊಬ್ಬಳು ಅಲ್ಲಿಯ ಹೆಣ್ಣುಮಕ್ಕಳ ಸಂಘದ ಮುಖ್ಯಸ್ಥೆ. ಈ ಕಡೆಯ ಮುದುಕಿಯರ ಒಡಪುಗಳನ್ನು ಅವರ ದನಿಯಲ್ಲೇ ಕೇಳುವಂಥ ಒಂದು ಪುಟ ಬೇಕೆಂದು ಆ ಅಕ್ಕ ಮಗನ ಹತ್ತಿರ ಹೇಳಿದಳು. ಅವನು ಟಿಕೆಟ್ ಹರಿಯುತ್ತಲೇ ನನ್ನ ಹೆಂಡತಿ ಮಾಡುತ್ತಾಳೆ ಎಂದುಬಿಟ್ಟ. ಶೈಲಾಗೆ ಸಿಕ್ಕ ಮೊದಲ ದೊಡ್ಡ ಕೆಲಸ ಅದು. ಚೆನ್ನಾಗಿ ಆದರೆ ಸಂಘದ ಎಲ್ಲಾ ಕೆಲಸವೂ ಅವಳಿಗೇ, ಕೆಟ್ಟರೆ ಧಾರವಾಡದ ಕಂಪ್ಯೂಟರ್ ಅಂಗಡಿಯವರಿಗೆ.

ಒಡಪು ಗೊತ್ತಿಲ್ಲದವರಿಗಾಗಿ ಒಂದು ಮಾತು. ನಮ್ಮಲ್ಲಿ ಹೆಂಡತಿಯಾದವಳು ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ. ಮದುವೆಯಲ್ಲೋ ಸೀಮಂತದಲ್ಲೋ ಹೆಂಗಸರು ಬಾಗಿಲು ಅಡ್ಡಗಟ್ಟಿ ಕಾಡಿದಾಗ, ಪ್ರಾಸ ಕಟ್ಟಿ ಅದರೊಳಗೆ ಹೆಸರನ್ನು ಅಡಗಿಸಿ ಹೇಳಿ ಒಳಗೆ ಹೋಗುತ್ತಾಳೆ. ಮಿಕ್ಕ ದಿನಗಳಲ್ಲಿ ಬಾಯಿಗೆ ಬೀಗ. ಒಮ್ಮೆ ನಮ್ಮ ಯಜಮಾನರಿಗೆ ಜ್ವರ ಬಂದು ದವಾಖಾನೆಗೆ ಹೋದಾಗ ನರ್ಸಮ್ಮ ನಿಮ್ಮ ಮನೆಯವರ ಹೆಸರೇನು ಎಂದು ಕೇಳಿದಳು. ನಾನು ಅವರ ಕಡೆ ಬೆರಳು ತೋರಿಸಿ ಅವರನ್ನೇ ಕೇಳಿ ಎಂದೆ. ಅವರ ಬಾಯಲ್ಲಿ ಥರ್ಮಾಮೀಟರ್ ಇತ್ತು. ಅದು ಹೊರಗೆ ಬರುವ ತನಕ ನರ್ಸಮ್ಮ, ನಾನು, ಹಿಂದೆ ನಿಂತ ಪಾಳಿಯವರು ಎಲ್ಲರೂ ಸುಮ್ಮನೆ ನಿಂತಿದ್ದೆವು. ಯಜಮಾನರು ಮಾತ್ರ ಆರಾಮಾಗಿ ಸೂರು ನೋಡುತ್ತಿದ್ದರು.

ಶೈಲಾ ದೊಡವಾಡ, ಎಂ.ಕೆ. ಹುಬ್ಬಳ್ಳಿ, ರಾಮದುರ್ಗ ಎಲ್ಲಾ ಕಡೆ ಹೋಗಿ ಮುದುಕಿಯರ ದನಿಯನ್ನು ಫೋನಿನಲ್ಲಿ ತುಂಬಿಕೊಂಡು ಬಂದಳು. ಕೊನೆಗೆ ನನ್ನ ಮುಂದೂ ಫೋನ್ ಹಿಡಿದಳು. ಯಜಮಾನರು ಸಂತೆಗೆ ಹೋದ ಹೊತ್ತು ನೋಡಿ, ತಲೆಯ ಮೇಲೆ ಸೆರಗು ಎಳೆದುಕೊಂಡು, ಹೇಳಿಬಿಟ್ಟೆ:

"ಜ್ವಾಳದ ರೊಟ್ಟಿಗಿ ಬೇಕು ಗುರೆಳ್ಳ ಹಿಂಡಿ,
ಈರಪ್ಪ ಕುಂತರ ನಾನೇ ಎಳೀಬೇಕು ಬಂಡಿ."

ಎಲ್ಲರ ಒಡಪಿನಲ್ಲಿ ಗಂಡ ಚಂದ್ರ, ಸೂರ್ಯ, ಬಂಗಾರದ ಗುಂಡು. ನನಗೆ ಅಂಥ ಸುಳ್ಳು ಹೊಂದಿಸಲು ಬರುವುದಿಲ್ಲ.

ತೊಂದರೆ ಶುರುವಾದದ್ದು ಆಮೇಲೆ. ಶೈಲಾ ಪುಟ ಬರೆಯುವುದು ಒಂದು ಸಾಫ್ಟ್‌ವೇರಿನಲ್ಲಿ. ಪುಟದೊಳಗೆ ಏನು ಇಟ್ಟರೂ ಅದಕ್ಕೊಂದು ಗುರುತು ಹಾಕಬೇಕಂತೆ. ಇದು ತಲೆಬರಹ, ಇದು ಚಿತ್ರ, ಇದು ದನಿ ಎಂದು. ಆ ಗುರುತಿಗೆ ಟ್ಯಾಗ್ ಎನ್ನುತ್ತಾರೆ. ದನಿಯ ಟ್ಯಾಗ್ ಪುಟ ಬರೆಯುವ ಹೊಸ ನಿಯಮದ್ದು. ನಮ್ಮ ಮನೆಯ ಹಳೇ ಫೋನಿಗೂ ಅದು ತಿಳಿಯುತ್ತದೆ. ತಿಳಿಯದೆ ಇರುವುದು ಶೈಲಾಳ ಸಾಫ್ಟ್‌ವೇರಿಗೆ ಮಾತ್ರ. ಟ್ಯಾಗ್ ಬರೆದ ತಕ್ಷಣ ಅದರ ಕೆಳಗೆ ಕೆಂಪು ಗೀಟು ಎಳೆಯುತ್ತದೆ. ಗೀಟು ಎಳೆದು ಸುಮ್ಮನಿದ್ದರೂ ನಡೆಯುತ್ತಿತ್ತು. ಸೇವ್ ಒತ್ತಿದರೆ ತಪ್ಪು ತಿದ್ದುತ್ತೇನೆ ಎಂದು ಇಡೀ ಸಾಲನ್ನೇ ತೆಗೆದುಹಾಕುತ್ತದೆ. ಮುದುಕಿಯರ ಫೋಟೋ ಉಳಿಯುತ್ತದೆ, ಬಾಯಿ ಹೋಗುತ್ತದೆ.

ನಾನು ಬೇರೆ ಸಾಫ್ಟ್‌ವೇರ್ ಹಾಕಿಕೋ ಎಂದೆ. ಶೈಲಾ, ಬೇರೆಯವು ಪುಕ್ಕಟೆಯೂ ಸಿಗುತ್ತವೆ, ಆದರೆ ಸಂಘದವರ ಹಳೆಯ ಪುಟಗಳೆಲ್ಲ ಇದರಲ್ಲೇ ಇವೆ, ಅವರ ಆಫೀಸಿನ ಹುಡುಗಿ ಮುಂದೆ ನೋಡಿಕೊಳ್ಳುವುದೂ ಇದರಲ್ಲೇ, ಹೊರಗೆ ಬರೆದು ತಂದಿಟ್ಟರೂ ಅವಳು ಒಮ್ಮೆ ಸೇವ್ ಒತ್ತಿದರೆ ಮುಗಿಯಿತು ಎಂದಳು. ಸಾಫ್ಟ್‌ವೇರಿನ ಮೇಲೆ ನನಗೆ ಸಿಟ್ಟು ಬರಲಿಲ್ಲ, ನಿಜ ಹೇಳುತ್ತೇನೆ. ಗೊತ್ತಿಲ್ಲದ್ದನ್ನು ಆರಿಸಿ ತೆಗೆಯುವುದು ನನಗೇನು ಹೊಸದಲ್ಲ. ಬದನೆಯ ಎಣಗಾಯಿಯಲ್ಲಿ ಶೈಲಾ ಟೊಮೆಟೊ ಹಾಕಿದರೆ ನಾನೂ ಹಾಗೇ ಮಾಡುತ್ತೇನೆ. ಅದೂ ಅಲ್ಲದೆ, ನನ್ನ ಒಡಪು ಅಳಿಸಿ ಹೋದರೆ ಯಜಮಾನರ ಕಿವಿಗೆ ಬೀಳುವುದು ತಪ್ಪಿತು ಎಂದು ಒಂದು ನಮೂನೆ ಹಗುರವೂ ಆಗಿತ್ತು.

ಶೈಲಾ ಸುಮ್ಮನೆ ಕೂರುವವಳಲ್ಲ. ಸಾಫ್ಟ್‌ವೇರ್ ಮಾಡಿದ ಪರದೇಶದ ಕಂಪನಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆದಳು. ಹೊಸ ಟ್ಯಾಗುಗಳನ್ನು ನಿಮ್ಮ ಸಾಫ್ಟ್‌ವೇರಿಗೆ ಕಲಿಸಿ ಎಂದು. ನನಗೆ ಓದಿ ಹೇಳಿದಳು. ಬಹಳ ಮೆತ್ತಗಿತ್ತು.

"ಗೊತ್ತಿಲ್ಲಂದ್ರ ಸುಮ್ನ ಇರ್ಲಿ, ಅಳಸೂದ್ಯಾಕ ಅಂತ ಬರಿ" ಎಂದೆ.

"ಅದನ್ನ ಮೊದಲನೇ ಸಾಲಿನ್ಯಾಗ ಬರದೇನ್ರಿ ಅತ್ತಿ. ನೀವು ಆಗ ರೊಟ್ಟಿ ಬಡ್ಯಾಕ ಹತ್ತಿದ್ರಿ, ಕೇಳ್ಸಿಲ್ಲ" ಎಂದಳು. ನನ್ನ ಬುದ್ಧಿವಾದ ಯಾವಾಗಲೂ ಬಸ್ಸು ಹೋದ ಮೇಲೆ ನಿಲ್ದಾಣಕ್ಕೆ ಬರುತ್ತದೆ.

ಕಂಪನಿಯವರು ಉತ್ತರ ಬರೆದರು. ತೊಂದರೆ ಕಾಣುವಂಥ ಒಂದು ಪುಟ ಕಳಿಸಿ, ಸಾಧ್ಯವಾದಷ್ಟು ಚಿಕ್ಕದಿರಲಿ ಎಂದು. ಎಲ್ಲರ ಒಡಪುಗಳಲ್ಲಿ ಚಿಕ್ಕದು ನನ್ನದೇ. ದೊಡವಾಡದ ನೀಲವ್ವ ಗಂಡನ ಹೆಸರಿಗೆ ಬರುವ ಮೊದಲು ಮನೆಯ ಎತ್ತು, ಎಮ್ಮೆ, ಬಾವಿ ಎಲ್ಲವನ್ನೂ ಹೊಗಳಿ ಮುಗಿಸುತ್ತಾಳೆ. ಹಾಗಾಗಿ ಶೈಲಾ ನನ್ನದನ್ನೇ ಕಳಿಸಿದಳು. ಯಾವ ದನಿ ಯಾರದು ಎಂದು ಗೊತ್ತಾಗಲೆಂದು ಅವಳು ಪ್ರತಿ ದನಿಯ ಫೈಲಿಗೂ ಒಡಪಿನಲ್ಲಿ ಬರುವ ಗಂಡನ ಹೆಸರನ್ನೇ ಇಟ್ಟಿದ್ದಳು. ಅದು ನನಗೆ ಆಮೇಲೆ ಗೊತ್ತಾಯಿತು. ಮದುವೆಯಾದ ಮೇಲೆ ಗಂಡನೆದುರು ಒಂದು ದಿನವೂ ಅವರ ಹೆಸರು ಎತ್ತದ ನಾನು, ಯಾವುದೋ ದೇಶದಲ್ಲಿ ಕೋಟು ಹಾಕಿಕೊಂಡು ಕುಳಿತವರ ಮುಂದೆ ಗುರೆಳ್ಳು ಹಿಂಡಿಯ ಜೊತೆಗೆ ಅದನ್ನು ಹೇಳುತ್ತ ಇದ್ದೆ. ಪರೀಕ್ಷೆ ಮಾಡಬೇಕಾದರೆ ಮತ್ತೆ ಮತ್ತೆ ಕೇಳಲೇಬೇಕಂತೆ.

ಆಮೇಲೆ ಆ ಕಡೆಯಿಂದ ಮಾತಿಲ್ಲ. ಈ ಕಡೆ ರಾಮದುರ್ಗದ ಅಕ್ಕ ಪುಟ ತೆರೆಯುವ ಸಮಾರಂಭಕ್ಕೆ ದಿನ ಇಟ್ಟು ಫೋನ್ ಮಾಡಿದಳು. ದನಿ ಬರುವುದಾದರೆ ಈಗಲೇ ಹೇಳು, ಇಲ್ಲವಾದರೆ ಧಾರವಾಡದಲ್ಲಿ ಕೇಳುತ್ತೇವೆ ಎಂದಳು. ಬಿರುಸು ಮಾತಲ್ಲ, ಆದರೆ ಮೆತ್ತಗೂ ಇರಲಿಲ್ಲ. ಶೈಲಾ ಇನ್ನೊಂದು ವಾರ ಕೊಡಿ ಎಂದು ಕೇಳಿಕೊಂಡಳು. ಅಂದಿನಿಂದ ನನ್ನ ಮನಸ್ಸು ಬದಲಾಯಿತು. ಸೊಸೆಯ ಬಾಡಿದ ಮುಖ ನೋಡಿ ಕರುಳು ಹಿಂಡಿತು ಎಂದೆಲ್ಲ ಬರೆಯುವುದಿಲ್ಲ. ಅವಳು ಚಿಂತೆಯಲ್ಲಿದ್ದರೆ ಪಲ್ಯಕ್ಕೆ ಉಪ್ಪು ಎರಡು ಸಲ ಬೀಳುತ್ತದೆ, ಅಷ್ಟೆ. ಆದರೂ ದೇವರ ಮುಂದೆ ದೀಪ ಹಚ್ಚುವಾಗ ಆ ಪರದೇಶದವರಿಗೆ ಸ್ವಲ್ಪ ಬುದ್ಧಿ ಕೊಡಪ್ಪ ಎಂದು ಕೇಳಿಕೊಳ್ಳಲು ಶುರುಮಾಡಿದೆ. ನನ್ನ ಮರ್ಯಾದೆ ಹೋಗಲಿ, ಅವಳ ಕೆಲಸ ಉಳಿಯಲಿ ಎಂಬ ತೀರ್ಮಾನಕ್ಕೆ ಬಂದಿದ್ದೆ. ಉಪ್ಪಿಗಾಗಿ.

ವಾರ ಮುಗಿಯುವುದಕ್ಕೆ ಮುಂಚೆ ಒಂದು ಬೆಳಗ್ಗೆ ಶೈಲಾ ಕಂಪ್ಯೂಟರಿನ ಮುಂದೆ ಎದ್ದು ನಿಂತಳು. ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದಿತ್ತು. ಅದನ್ನು ಹಾಕಿದಳು. ದನಿಯ ಟ್ಯಾಗ್ ಬರೆದಳು, ಕೆಂಪು ಗೀಟು ಬರಲಿಲ್ಲ. ಸೇವ್ ಒತ್ತುವಾಗ ಕಣ್ಣು ಮುಚ್ಚಿಕೊಂಡಳು. ನೋಡಲು ನನಗೆ ಹೇಳಿದಳು. ನನಗೇನು ತಿಳಿಯುತ್ತದೆ, ಆದರೂ ಸಾಲು ಇದ್ದಲ್ಲೇ ಇತ್ತು. ಇದೆ ಎಂದೆ. ಅವಳು ಕುರ್ಚಿಯಲ್ಲಿ ಧೊಪ್ಪನೆ ಕುಳಿತಳು. ಅವಳು ಉಸಿರು ಬಿಟ್ಟ ಸದ್ದು ಅಡುಗೆಮನೆಯ ತನಕ ಕೇಳಿಸುವಂತಿತ್ತು. ನಾನೂ ಗೋಡೆಗೆ ಒರಗಿದೆ.

ಹೊಸ ಆವೃತ್ತಿಯಲ್ಲಿ ಏನೇನು ಸರಿಮಾಡಿದ್ದೇವೆ ಎಂದು ಕಂಪನಿಯವರು ಕೆಳಗೆ ಬರೆದಿದ್ದರು. ಶೈಲಾ ಓದುತ್ತ ಓದುತ್ತ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದಳು. ನಾವು ಕಳಿಸಿದ ದನಿಗಿದ್ದ ಹೆಸರನ್ನೇ ಅವರು ತೊಂದರೆಗೂ ಇಟ್ಟುಬಿಟ್ಟಿದ್ದರು.

"ಏನ್ ಬರದಾರ ಗೊತ್ತೇನ್ರಿ ಅತ್ತಿ? ಈರಪ್ಪ ಇನ್ನು ಮ್ಯಾಲ ಅಳಿಸಿ ಹೋಗೂದಿಲ್ಲ ಅಂತ."

ಕಟ್ಟೆಯ ಮೇಲಿದ್ದ ಯಜಮಾನರು ತಮ್ಮ ಹೆಸರು ಕೇಳಿ ಒಳಗೆ ಬಂದರು. ಏನು ನಡೆದಿದೆ ಎಂದು ಶೈಲಾ ಪೂರ್ತಿ ಹೇಳಿದಳು. ನಾನು ಸನ್ನೆ ಮಾಡಿದ್ದು ಅವಳಿಗೆ ಕಾಣಿಸಲಿಲ್ಲವೋ, ಕಾಣಿಸಿತೋ, ಒಡಪನ್ನೂ ಹಚ್ಚಿ ಕೇಳಿಸಿದಳು. ಬಂಡಿಯ ಮಾತಿಗೆ ಜಗಳವಾಗುತ್ತದೆ ಎಂದುಕೊಂಡೆ. ಅವರು ಮೀಸೆ ತಿರುವಿಕೊಂಡು, ಪರದೇಶದಲ್ಲಿ ತಮ್ಮ ಹೆಸರು ಇಂಗ್ಲಿಷಿನಲ್ಲಿ ಬಂದಿದೆಯೋ ಕನ್ನಡದಲ್ಲೋ ಎಂದು ಮಾತ್ರ ವಿಚಾರಿಸಿದರು.

ರಾಮದುರ್ಗದ ಸಮಾರಂಭ ಚೆನ್ನಾಗಿ ನಡೆಯಿತು. ಅಕ್ಕ ಸಂಘದ ಎಲ್ಲಾ ಕೆಲಸವನ್ನೂ ಶೈಲಾಗೇ ಕೊಟ್ಟಳು. ನೀಲವ್ವ ತನ್ನ ಎಮ್ಮೆಯ ಭಾಗವನ್ನು ಕತ್ತರಿಸಿದ್ದಕ್ಕೆ ಸಿಟ್ಟಾದಳು, ಅದು ಬೇರೆ. ಪಲ್ಯಕ್ಕೆ ಉಪ್ಪು ಒಂದೇ ಸಲ ಬೀಳುತ್ತಿದೆ. ಎಲ್ಲರಿಗೂ ಆರಾಮ.

ಎಲ್ಲರಿಗೂ ಅಂದರೆ, ನನ್ನನ್ನು ಬಿಟ್ಟು. ಯಜಮಾನರು ಆ ಪುಟವನ್ನು ತಮ್ಮ ಫೋನಿನಲ್ಲಿ ಹಾಕಿಸಿಕೊಂಡಿದ್ದಾರೆ. ದಿನಾ ಬೆಳಗ್ಗೆ ಚಹಾ ಕುಡಿಯುತ್ತ ಕಟ್ಟೆಯ ಮೇಲೆ ಕುಳಿತು, ನನ್ನ ಒಡಪನ್ನು ಓಣಿಗೆಲ್ಲ ಕೇಳುವ ಹಾಗೆ ಹಚ್ಚುತ್ತಾರೆ. ಮುಗಿದರೆ ಮತ್ತೆ ಹಚ್ಚುತ್ತಾರೆ. ನೀರು ತುಂಬುವ ಹೆಂಗಸರು ಕೊಡ ಇಳಿಸಿ ನಿಂತು ನಗುತ್ತಾರೆ. ನಿನ್ನೆ ತಡೆಯಲಾರದೆ ಬಾಗಿಲಿಗೆ ಬಂದೆ.

"ಏನ್ರೀ, ಅದನ್ನ ಬಂದ್ ಮಾಡ್ರಿ" ಎಂದೆ.

ಅವರು ತಲೆ ಎತ್ತಲಿಲ್ಲ. "ಫೋನಿನ್ಯಾಗ ಕರದಂಗ ಹೆಸರ ಹಿಡದು ಕರಿ, ಮಾಡತೇನಿ" ಎಂದರು.

ನಾನು ಬಾಯಿ ತೆರೆದೆ. ಓಣಿಯ ಹೆಂಗಸರೆಲ್ಲ ನನ್ನ ಬಾಯನ್ನೇ ನೋಡಿದರು. ನಾನು ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದೆ, ಎಷ್ಟು ಜೋರಾಗಿ ಬಡಿದೆನೆಂದರೆ ಫೋನಿನ ಸದ್ದು ಅರ್ಧ ಮಾತ್ರ ಕೇಳುತ್ತಿತ್ತು. ಇದನ್ನು ಬರೆಯುತ್ತಿರುವಾಗಲೂ ಹೊರಗೆ ಅದು ಕೂಗುತ್ತಲೇ ಇದೆ.