ಐದು ಅಕ್ಷರ ಮತ್ತು ಅಪ್ಪಯ್ಯ

ಸಿದ್ದಬಸಪ್ಪ ಮನುಷ್ಯನೋ ಅಲ್ಲವೋ ಎಂಬ ಅನುಮಾನ ನಲವತ್ತಾರು ವರ್ಷಗಳಲ್ಲಿ ಯಾರಿಗೂ ಬಂದಿರಲಿಲ್ಲ. ಮೊದಲು ಬಂದದ್ದು ಒಂದು ಕಂಪ್ಯೂಟರಿಗೆ, 2009ರ ಒಂದು ಶುಕ್ರವಾರ ಸಂಜೆ ನಾಲ್ಕೂಕಾಲಿಗೆ.

ಚಾಮರಾಜಪೇಟೆಯ ನಿಗಮವೊಂದರ ಕಚೇರಿಯಲ್ಲಿ ಆತ ಟೆಲಿಫೋನ್ ಆಪರೇಟರ್. ಹುಟ್ಟಿನಿಂದ ಕಣ್ಣು ಕಾಣದು. ಹತ್ತೊಂಬತ್ತು ವರ್ಷ ಬೋರ್ಡಿನ ಮುಂದೆ ಕೂತು ‘ನಮಸ್ಕಾರ, ಯಾರು ಬೇಕಿತ್ತು?’ ಎಂದು ಕೇಳಿ ಕೇಳಿ, ಮನೆ ಬಾಗಿಲು ತಟ್ಟಿದ ಹೆಂಡತಿಯನ್ನೂ ಹಾಗೇ ಕೇಳುವಂತಾಗಿದ್ದ. ಬೋರ್ಡಿನ ಪಕ್ಕದಲ್ಲಿ ತಿಂಗಳ ಹಿಂದೆ ಇನ್ನೊಂದು ಹೊಸ ಫೋನ್ ತಂದಿಟ್ಟಿದ್ದರು. ಯಾಕೆಂದು ಯಾರೂ ಹೇಳಿರಲಿಲ್ಲ, ಅದೂ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ.

ಈಗ ನಿಗಮ ತನ್ನ ದಾಖಲೆ ವಿಭಾಗಕ್ಕೆ ಕಂಪ್ಯೂಟರ್ ಬಲ್ಲ, ದೃಷ್ಟಿಯಿಲ್ಲದ ಒಬ್ಬರನ್ನು ತೆಗೆದುಕೊಳ್ಳುವುದಾಗಿ ಪ್ರಕಟಿಸಿತ್ತು. ಇದ್ದದ್ದು ಒಂದೇ ಹುದ್ದೆ. ಅರ್ಜಿಯನ್ನು ವೆಬ್‌ಸೈಟಿನಲ್ಲೇ ಹಾಕಬೇಕು. ಇವತ್ತು ಸಂಜೆ ಐದಕ್ಕೆ ಕೊನೆ.

ಅರ್ಜಿಯನ್ನು ತಾನೇ ತುಂಬಬೇಕೆಂಬ ಹಟ ಸಿದ್ದಬಸಪ್ಪನಿಗೆ. ಅದಕ್ಕೆ ಕಾರಣವಿತ್ತು. ಆತನ ಸೇವಾ ಪುಸ್ತಕವನ್ನು ಪ್ರೀತಿಯಿಂದ ತುಂಬಿಕೊಟ್ಟವರು ಹೆಡ್ ಕ್ಲರ್ಕ್ ಹನುಮಂತಯ್ಯ. ಅದರ ಪ್ರಕಾರ ಸಿದ್ದಬಸಪ್ಪ ತನ್ನ ಸ್ವಂತ ಅಕ್ಕನಿಗಿಂತ ಎರಡು ವರ್ಷ ದೊಡ್ಡವನು.

ಹಾಗಾಗಿ ಆರು ತಿಂಗಳ ಭಾನುವಾರಗಳನ್ನು ಕೊಟ್ಟು ಕಂಪ್ಯೂಟರ್ ಕಲಿತಿದ್ದ. ತೆರೆಯ ಮೇಲೆ ಬಂದದ್ದನ್ನೆಲ್ಲ ಓದಿಹೇಳುವ ತಂತ್ರಾಂಶವೊಂದನ್ನು ಹಾಕಿಸಿಕೊಂಡಿದ್ದ. ಅದರದು ಮೂಗಿನ ದನಿ, ಉಸಿರು ಬಿಡದ ಮಾತು. ನಿವೃತ್ತರಾದ ಸೂಪರಿಂಟೆಂಡೆಂಟರ ನೆನಪಿಗೆ ಕಚೇರಿಯವರು ಅದಕ್ಕೆ ‘ಅಪ್ಪಯ್ಯ’ ಎಂದು ಹೆಸರಿಟ್ಟಿದ್ದರು.

ಹೆಸರು, ವಿಳಾಸ, ವಿದ್ಯಾರ್ಹತೆ ಎಲ್ಲ ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿದವು. ಕೊನೆಗೆ ಅಪ್ಪಯ್ಯ ಓದಿದ: “ಚಿತ್ರದಲ್ಲಿರುವ ಐದು ಅಕ್ಷರ ಟೈಪ್ ಮಾಡಿ ನೀವು ಮನುಷ್ಯರೆಂದು ಖಚಿತಪಡಿಸಿ. ಗ್ರಾಫಿಕ್.”

“ಯಾವ ಅಕ್ಷರ ಮಾರಾಯ?”

“ಗ್ರಾಫಿಕ್.” ಚಿತ್ರ ಎದುರಾದರೆ ಅಪ್ಪಯ್ಯನಿಗೆ ಗೊತ್ತಿದ್ದುದು ಆ ಒಂದೇ ಮಾತು.

ಟೈಪಿಸ್ಟ್ ಗೋದಾ ಕಾಫಿ ಲೋಟ ಹಿಡಿದುಕೊಂಡೇ ಬಂದಳು. “ಏನಾಯ್ತು ಸಿದ್ದಣ್ಣ?”

“ನಾನು ಮನುಷ್ಯ ಅಂತ ಪ್ರೂವ್ ಮಾಡ್ಬೇಕಂತೆ.”

“ಅದಕ್ಕೇನು, ನಾನ್ ಸಾಕ್ಷಿ ಹೇಳ್ತೀನಿ.” ಬಗ್ಗಿ ನೋಡಿದಳು. “ಅಯ್ಯೋ, ಇದೇನ್ರೀ ಅಕ್ಷರ! ಬಸ್ಸಲ್ಲಿ ಯಾರೋ ಮೇಲೆ ಕೂತ ಜಿಲೇಬಿ ಪೊಟ್ಟಣದ ಹಂಗಿದೆ.”

ಹನುಮಂತಯ್ಯ ಹಣೆಯ ಮೇಲೊಂದು, ಮೂಗಿನ ಮೇಲೊಂದು ಕನ್ನಡಕ ಇಟ್ಟುಕೊಂಡು ಬಂದರು. ಮೂರನೆಯದು ಎಂಟು ಎಂದರು. ಗೋದಾ ಬಿ ಎಂದಳು.

“ಮೂವತ್ತು ವರ್ಷ ಫೈಲ್ ನೋಡಿದೀನಮ್ಮ, ನಂಗೆ ಎಂಟು ಗೊತ್ತಿಲ್ವಾ?”

ಎಂಟೇ ಹೊಡೆದರು. “ತಪ್ಪು. ಇನ್ನೆರಡು ಅವಕಾಶ,” ಎಂದ ಅಪ್ಪಯ್ಯ. ಹೊಸ ಚಿತ್ರ ಬಂತು. ಈ ಸಲ ಹಾಕಬೇಕಾದ ಉತ್ತರ ಇಬ್ಬರಿಗೂ ಒಪ್ಪಿಗೆಯಾಗುವಷ್ಟರಲ್ಲಿ ಹತ್ತು ನಿಮಿಷ ಕಳೆದು ಚಿತ್ರಕ್ಕೇ ಬೇಸರ ಬಂದಿತ್ತು. “ಅವಧಿ ಮುಗಿದಿದೆ. ಇನ್ನೊಂದೇ ಅವಕಾಶ.”

“ಕೈ ಮುಗಿತೀನಿ, ಎರಡು ನಿಮಿಷ ಇಬ್ರೂ ಮಾತಾಡ್ಬೇಡಿ,” ಎಂದ ಸಿದ್ದಬಸಪ್ಪ. ಟ್ಯಾಬ್ ಕೀಲಿ ಒತ್ತುತ್ತ ಹೋದ. ನಾಲ್ಕನೆಯ ಸಲಕ್ಕೆ ಅಪ್ಪಯ್ಯ ಗುಟ್ಟು ಬಿಟ್ಟ: “ಕೇಳಿಸಿಕೊಳ್ಳಲು. ಬಟನ್.”

ಒತ್ತಿದರೆ, ಕೆ.ಆರ್. ಮಾರ್ಕೆಟ್ಟಿನಲ್ಲಿ ಬೆಳಗಿನ ಜಾವ ಹೂವು ಹರಾಜಾಗುವಾಗ ನಡುವೆ ನಿಂತು ಯಾರೋ ಅಕ್ಷರಮಾಲೆ ಒಪ್ಪಿಸುತ್ತಿದ್ದಂತಿತ್ತು. ಗೋದಾ ಕಿವಿ ಮುಚ್ಚಿಕೊಂಡಳು. ಕೆಟ್ಟ ಲೈನುಗಳ ಗೊರಗೊರದೊಳಗಿಂದ ಜನರ ಹೆಸರು ಹೆಕ್ಕುತ್ತ ಜೀವನ ಸವೆಸಿದ ಸಿದ್ದಬಸಪ್ಪನಿಗೆ ಮಾತ್ರ ಅದು ತವರುಮನೆ. ಗಲಾಟೆಯ ತಳದಲ್ಲಿದ್ದ ಹೆಂಗಸಿನ ದನಿಯೊಂದನ್ನೇ ಹಿಡಿದು ಐದೂ ಅಕ್ಷರ ಬಡಿದ. ಐದೂ ಸರಿಯಿದ್ದವು.

“ನಿಲ್ಲು ನಿಲ್ಲು!” ಹನುಮಂತಯ್ಯ ಆತನ ಕೈ ಸರಿಸಿದರು. “ನಾಲ್ಕನೇದು ತಪ್ಪಾಯ್ತು ಕಣಯ್ಯ. ನಂಗೆ ಕಾಣ್ತಿದೆ. ನಾನ್ ಸರಿಮಾಡ್ತೀನಿ ಇರು.”

ಸರಿಮಾಡಿದರು. ಎಂಟರ್ ಅನ್ನೂ ಅವರೇ ಒತ್ತಿದರು.

“ಅವಕಾಶ ಮುಗಿದಿದೆ. ಇಪ್ಪತ್ತನಾಲ್ಕು ಗಂಟೆಯ ನಂತರ ಪ್ರಯತ್ನಿಸಿ. ದೃಷ್ಟಿ ತೊಂದರೆಯುಳ್ಳವರು ನೆರವಿಗೆ ಈ ಸಂಖ್ಯೆಗೆ ಕರೆ ಮಾಡಿ. ಗ್ರಾಫಿಕ್.”

ಹನುಮಂತಯ್ಯ ಹಣೆಯ ಕನ್ನಡಕವನ್ನು ಮೂಗಿಗೂ ಮೂಗಿನದನ್ನು ಹಣೆಗೂ ಬದಲಿಸಿಕೊಂಡರು.

“ನಂಬರ್ ಇದೆಯಲ್ಲ ಸಿದ್ದಣ್ಣ! ಇನ್ನೂ ಟೈಮಿದೆ,” ಎಂದು ಗೋದಾ ತೆರೆಯ ಮೇಲಿನ ಸಂಖ್ಯೆ ನೋಡಿಕೊಂಡು, ತನ್ನ ಮೇಜಿಗೆ ಓಡಿ ಫೋನು ತಿರುಗಿಸಿದಳು.

ಸಿದ್ದಬಸಪ್ಪನ ಪಕ್ಕದಲ್ಲಿದ್ದ ಹೊಸ ಫೋನು ಜನ್ಮದಲ್ಲಿ ಮೊದಲ ಬಾರಿ ಹೊಡೆದುಕೊಂಡಿತು.

ಅಭ್ಯಾಸಬಲದಿಂದ ಎತ್ತಿದ. “ನಮಸ್ಕಾರ, ಯಾರು ಬೇಕಿತ್ತು?” ಆತನದೇ ದನಿ ಗೋದಾಳ ರಿಸೀವರಿನಿಂದ ಹೊರಬಂತು.

“ಓ, ಅದಾ?” ಎಂದರು ಹನುಮಂತಯ್ಯ. “ಅಂಥವರಿಗೆ ಸಹಾಯ ಮಾಡೋ ಅಧಿಕಾರಿ ನೀನೇ ಕಣಯ್ಯ. ತಿಂಗಳಾಯ್ತು. ನೋಟೀಸ್ ಬೋರ್ಡಲ್ಲಿ ಹಾಕಿದೀವಲ್ಲ, ನೋಡ್ಲಿಲ್ವಾ?”

ಆತ ರಿಸೀವರ್ ಇಡುವಷ್ಟರಲ್ಲಿ ಫೋನು ಮತ್ತೆ ಹೊಡೆದುಕೊಂಡಿತು. ಈ ಸಲ ಗೋದಾ ಅಲ್ಲ.

“ಸಾರ್, ನಾನು ತನ್ಮಯಿ ಅಂತ, ಮತ್ತಿಕೆರೆಯಿಂದ. ನಂಗೆ ಕಣ್ಣು ಕಾಣಲ್ಲ. ದಾಖಲೆ ವಿಭಾಗದ ಪೋಸ್ಟಿಗೆ ಅಪ್ಲೈ ಮಾಡ್ತಿದೀನಿ. ಎರಡು ಚಾನ್ಸ್ ಹೋಯ್ತು. ಒಂದೇ ಉಳ್ದಿರೋದು. ಏನ್ಮಾಡ್ಲಿ ಸಾರ್?”

ಒಂದೇ ಹುದ್ದೆ, ತನಗೆ ಆಗಲೇ ಕೈತಪ್ಪಿದ್ದು. ಗೋಡೆ ಗಡಿಯಾರದ ಟಿಕ್‌ಟಿಕ್ ಸಿದ್ದಬಸಪ್ಪನಿಗೆ ಎಂದೂ ಅಷ್ಟು ಜೋರಾಗಿ ಕೇಳಿಸಿರಲಿಲ್ಲ. ‘ನಾಳೆ ಮಾಡಮ್ಮ’ ಎಂದರೆ ಮುಗಿಯಿತು, ಅಪ್ಪಯ್ಯ ತನಗೆ ಹೇಳಿದ್ದೂ ಅದನ್ನೇ. ಗೋದಾ ಹೇಳಿದಳು, ಐದಕ್ಕೆ ಹತ್ತು ನಿಮಿಷ.

“ರೂಮಲ್ಲಿ ಕಣ್ಣು ಕಾಣೋರು ಯಾರಾದ್ರೂ ಇದಾರೇನಮ್ಮ?”

“ಫ್ರೆಂಡ್ ಇದಾಳೆ ಸಾರ್. ಹೆಲ್ಪ್ ಮಾಡ್ತಿದಾಳೆ. ಪೇಜಿನ ಕೆಳಗಿದ್ದ ಈ ನಂಬರ್ ಓದಿ ಹೇಳಿದ್ದೂ ಅವಳೇ.”

“ಮೊದ್ಲು ಅವಳನ್ನ ಆಚೆ ಕಳ್ಸು.”

ಕಳಿಸಿದಳು. “ಈಗ ನಾಲ್ಕು ಸಲ ಟ್ಯಾಬ್ ಒತ್ತು. ಗಲಾಟೆ ಬರತ್ತೆ, ಹೆದರ್ಬೇಡ. ಗಲಾಟೆ ಗಂಡಸರದ್ದು. ತಳದಲ್ಲಿ ಒಂದು ಹೆಣ್ಣು ದನಿ ಇದೆ, ಅದನ್ನ ಮಾತ್ರ ಕೇಳು.”

ಆತ ಕಾದ. ಕೀಲಿಗಳ ಟಕಟಕ, ಒಂದು ಉಸಿರು, ಆಮೇಲೆ ಮತ್ತಿಕೆರೆಯಿಂದ ಅಪ್ಪಯ್ಯ, ಅದೇ ಮೂಗಿನಲ್ಲಿ: “ಧನ್ಯವಾದ. ನಿಮ್ಮ ಅರ್ಜಿ ಸ್ವೀಕರಿಸಲಾಗಿದೆ.”

“ಆಯ್ತು ಸಾರ್! ಆಯ್ತು! ಕೆಲಸ ಸಿಕ್ಕಿದ್ರೆ ನಿಮ್ಮನ್ನ ನೋಡಕ್ಕೆ ಬರ್ತೀನಿ. ಬಂದು ಯಾರನ್ನ ಕೇಳ್ಲಿ?”

“ನೀನೇನೂ ಕೇಳ್ಬೇಡಮ್ಮ. ಯಾರು ಬೇಕಿತ್ತು ಅಂತ ನಾನೇ ಕೇಳ್ತೀನಿ,” ಎಂದು ಸಿದ್ದಬಸಪ್ಪ ನಗುತ್ತ ಫೋನಿಟ್ಟ.

ಹನುಮಂತಯ್ಯ ಅಷ್ಟರಲ್ಲಿ ದಪ್ಪನೆಯ ರಿಜಿಸ್ಟರೊಂದನ್ನು ತಂದು ಕೂತಿದ್ದರು. “ಸಹಾಯ ಕೇಳಿದವರ ಹೆಸರು ಬರೀಬೇಕಂತೆ. ಇವತ್ತು ಎರಡು ಕರೆ. ನೀನು ಹೇಳು, ನಾನ್ ತುಂಬ್ತೀನಿ. ಮೊದಲನೆಯವರು?”

“ಸಿದ್ದಬಸಪ್ಪ.”

“ವಯಸ್ಸು?”

“ನೀವು ಕೊಟ್ಟಿದ್ದೇ ಬರ್ಕೊಳ್ಳಿ ಸಾರ್.”